12 ಅಕ್ಷರದ ರೊಟೊಕಾಸ್ ಭಾಷೆ ಓದೋಕೆ ಶುರು ಮಾಡೋದು ಹೇಗೆ

ರೊಟೊಕಾಸ್ ಬಗ್ಗೆ ನೆಟ್‌ನಲ್ಲಿ ಹುಡುಕಿದ್ರೆ ಎಲ್ಲಾ ಕಡೆ ಸಿಗೋದು ಒಂದೇ ಮಾತು, ಪ್ರಪಂಚದ ಅತಿ ಚಿಕ್ಕ ಅಕ್ಷರಮಾಲೆಗಳಲ್ಲಿ ಒಂದು, ಬರೀ 12 ಅಕ್ಷರ, ಮುಗೀತು. ಅದನ್ನ ನಂಬಿ ಭಾಷೆ ಸುಲಭ ಅನ್ಕೊಂಡು ಕೂತ್ರೆ ಮೊದಲನೇ ವಾಕ್ಯದಲ್ಲೇ ಸಿಕ್ಕಾಕೊಳ್ತೀರ, ಯಾಕಂದ್ರೆ ಅಕ್ಷರ ಕಮ್ಮಿ ಇರೋ ಕಡೆ ಒಂದೊಂದು ಅಕ್ಷರದ ಮೇಲೂ ಕೆಲಸ ಜಾಸ್ತಿ, ಪದಗಳೂ ಉದ್ದ.

ಭಾಷೆ ಇರೋದು ಪಪುವಾ ನ್ಯೂಗಿನಿಯ ಬೂಗನ್‌ವಿಲ್ ದ್ವೀಪದ ಬೆಟ್ಟಗಳಲ್ಲಿ, ವಾಕುನಾಯಿ ಕಡೆ. ಮಾತಾಡೋರು ಸುಮಾರು 4000 ಜನ. ಇದನ್ನ ಪಪುವನ್ ಭಾಷೆ ಅಂತಾರೆ, ಆದ್ರೆ ಪಪುವನ್ ಅಂದ ತಕ್ಷಣ ಅದೊಂದು ದೊಡ್ಡ ಭಾಷಾಕುಟುಂಬ ಅಂತ ತಿಳ್ಕೊಬೇಡಿ, ಆ ಭಾಗದಲ್ಲಿ ಆಸ್ಟ್ರೊನೇಷ್ಯನ್ (ಮಲಯ, ಹವಾಯಿಯನ್ ತರದ ಭಾಷೆಗಳ ಕುಟುಂಬ) ಅಲ್ಲದ ನೂರಾರು ಭಾಷೆಗಳಿಗೆ ಒಟ್ಟಿಗೆ ಇಟ್ಟಿರೋ ಹೆಸರು ಅಷ್ಟೇ. ರೊಟೊಕಾಸ್ ಸೇರೋದು ಉತ್ತರ ಬೂಗನ್‌ವಿಲ್ ಅನ್ನೋ ಪುಟ್ಟ ಕುಟುಂಬಕ್ಕೆ.

ಮೊದಲು ಸ್ವರ ಮುಗಿಸ್ಕೊಳಿ. ಎ, ಇ, ಐ, ಓ, ಯು ಅನ್ನೋ ಐದು ರೋಮನ್ ಅಕ್ಷರಗಳನ್ನ ನಮ್ಮ ಅ, ಎ, ಇ, ಒ, ಉ ಅಂತ ಓದಿ, ಅಕ್ಷರ ಎರಡು ಸಲ ಬರೆದಿದ್ರೆ ದೀರ್ಘ. ಹ್ರಸ್ವ ದೀರ್ಘ ನಮಗೆ ಗೊತ್ತಿರೋದೇ, ಅದ್ರಲ್ಲಿ ಕಷ್ಟ ಇಲ್ಲ. ಕಷ್ಟ ಇರೋದು ಸ್ವರದ ಪಕ್ಕ ಸ್ವರ ಬಂದಾಗ, ನಾವು ಮಧ್ಯೆ ಯ ಅಥವಾ ವ ತುರುಕದೆ ಇರಲ್ಲ. ಊಟ ಅನ್ನೋ ಅರ್ಥದ ಪದ ಅಇಒಅ, ಅದನ್ನ ಅಯಿಯೊವ ಅಂದ್ಬಿಟ್ರೆ ಇಲ್ಲದೆ ಇರೋ ಒಂದು ವ ಬಂದು ಕೂತ್ಕೊಳತ್ತೆ, ಆ ಭಾಷೆಲಿ ವ ಬೇರೆ ವ್ಯಂಜನ. ಅದಕ್ಕೇ ಕನ್ನಡ ಲಿಪಿಲಿ ನೋಟ್ಸ್ ಮಾಡ್ಕೊಳ್ಳೋವಾಗ ಸ್ವರಗಳನ್ನ ಬಿಡಿಬಿಡಿಯಾಗೇ ಬರೀರಿ, ನೋಡೋಕೆ ವಿಚಿತ್ರ ಕಂಡ್ರೂ ಪರ್ವಾಗಿಲ್ಲ. ಒತ್ತಕ್ಷರದ ಗೊಡವೆನೇ ಇಲ್ಲ, ಎರಡು ವ್ಯಂಜನ ಜೊತೆಗೆ ಬರಲ್ಲ, ಪದ ಯಾವಾಗ್ಲೂ ಸ್ವರದಲ್ಲೇ ಮುಗಿಯತ್ತೆ.

ವ್ಯಂಜನಕ್ಕೆ ಏಳು ಅಕ್ಷರ: ಜಿ, ಕೆ, ಪಿ, ಆರ್, ಎಸ್, ಟಿ, ವಿ. ಧ್ವನಿ ಲೆಕ್ಕದಲ್ಲಿ ಮಾತ್ರ ಆರೇ, ಎಸ್ ಮತ್ತೆ ಟಿ ಎರಡೂ ಒಂದೇ ಧ್ವನಿ. ನಮ್ಮ ಇ ಸ್ವರಕ್ಕಿಂತ ಮುಂಚೆ ಬಂದ್ರೆ ಎಸ್ ಬರೀತಾರೆ, ಬೇರೆ ಕಡೆ ಟಿ (ನಾಲಿಗೆನ ನಮ್ಮ ಟ ತರ ಮಡಚಬೇಡಿ, ನಾನಿಲ್ಲಿ ತ ಅಂತ ಬರೀತೀನಿ). ಭಾಷೆಯ ಹೆಸರಿನ ಕೊನೇಲಿರೋ ಎಸ್ ಈ ನಿಯಮಕ್ಕೂ, ಪದ ಸ್ವರದಲ್ಲೇ ಮುಗಿಯತ್ತೆ ಅನ್ನೋದಕ್ಕೂ ಸೇರದ ಅಪವಾದ. ಇದನ್ನ ನೀವೇ ಚೆಕ್ ಮಾಡ್ಬಹುದು, ಪೈಥಾನ್ ಪ್ರೋಗ್ರಾಮಿಂಗ್ ಬರೋರಿಗೆ ಎನ್‌ಎಲ್‌ಟಿಕೆ ಅನ್ನೋ ಭಾಷಾ ವಿಶ್ಲೇಷಣೆಯ ಲೈಬ್ರರಿ ಜೊತೆ ಸಿಗೋ ಟೂಲ್‌ಬಾಕ್ಸ್ ಡೇಟಾದಲ್ಲಿ ರೊಟೊಕಾಸ್ ಡಿಕ್ಷನರಿಯ ಕೆ ಅಕ್ಷರದ ಭಾಗ ಇದೆ, ಅದ್ರಲ್ಲಿ ವ್ಯಂಜನ-ಸ್ವರ ಜೋಡಿ ಎಣಿಸಿದ್ರೆ ಸಿ 100 ಸಲ ಬರತ್ತೆ, ತಿ ಒಂದ್ಸಲನೂ ಇಲ್ಲ. ಸು ಇರೋದು ಕಸುಅರಿ ಅನ್ನೋ ಒಂದೇ ಪದದಲ್ಲಿ, ಅದು ಕ್ಯಾಸೊವರಿ ಹಕ್ಕಿ ಹೆಸರು, ಹೊರಗಿಂದ ಬಂದಿದ್ದು. ನಿಯಮನ ಬಾಯಿಪಾಠ ಮಾಡೋ ಬದಲು ಹೀಗೆ ಒಂದ್ಸಲ ಕಣ್ಣಾರೆ ನೋಡಿ, ಮತ್ತೆ ಮರೆಯಲ್ಲ.

ಇನ್ನು ವಿ, ಆರ್, ಜಿ. ಇಲ್ಲಿ ಟೈಮ್ ತಗೊಳಿ, ಈ ಭಾಷೆಯ ನಿಜವಾದ ಸೊಗಸು ಇಲ್ಲೇ ಇದೆ. ಈ ಮೂರೂ ಗಟ್ಟಿಯಾಗಿ ಒಂದೇ ಉಚ್ಚಾರಕ್ಕೆ ಕಟ್ಟುಬಿದ್ದಿಲ್ಲ. ವಿ ಅನ್ನೋದು ಎರಡೂ ತುಟಿ ಹತ್ತಿರ ತಂದು ಗಾಳಿ ಬಿಡೋ ವ, ಕೆಲವೊಮ್ಮೆ ಬ, ಕೆಲವೊಮ್ಮೆ ಮ ಕೂಡ ಆಗತ್ತೆ. ಆರ್ ಅನ್ನೋದು ರ, ನ, ಲ, ಡ ಇಷ್ಟರಲ್ಲಿ ಯಾವುದಾದ್ರೂ ಆಗ್ಬಹುದು, ಜಿ ಅನ್ನೋದು ಗ, ಇಲ್ಲಾ ಗಂಟಲ ಹತ್ತಿರ ಉಜ್ಜಿದ ಹಾಗಿರೋ ಗ, ಇಲ್ಲಾ ಙ. ನಮ್ ಕಿವಿಗೆ ಇವೆಲ್ಲಾ ಬೇರೆ ಬೇರೆ ಅಕ್ಷರ, ಅವರಿಗೆ ಒಂದೇ, ಬದಲಾಯ್ಸಿದ್ರೆ ಪದದ ಅರ್ಥ ಬದಲಾಗಲ್ಲ. 1969ರಲ್ಲಿ ಭಾಷಾಶಾಸ್ತ್ರಜ್ಞರಾದ ಫರ್ಚೌ ದಂಪತಿ ಈ ಧ್ವನಿಗಳನ್ನ ವಿವರಿಸೋವಾಗ ಒಂದು ಚೆಂದದ ವಿಷ್ಯ ಹೇಳಿದ್ದಾರೆ, ಅನುನಾಸಿಕ (ಮ, ನ, ಙ) ಅಲ್ಲಿ ಕೇಳ್ಸೋದೇ ಅಪರೂಪ, ಅಲ್ಲಿನೋರು ಅದನ್ನ ಹೊರಗಿನೋರು ರೊಟೊಕಾಸ್ ಮಾತಾಡೋಕೆ ಹೋದಾಗ ಹೇಗೆ ಕೇಳ್ಸತ್ತೆ ಅಂತ ಅನುಕರಣೆ ಮಾಡೋವಾಗ ಬಳಸ್ತಾರೆ ಅಂತ. ಹಾಗಾಗಿ ನೀವು ವ, ರ, ಗ ಹಿಡ್ಕೊಂಡು ಓದಿ, ಮ ನ ಬೇಡ.

ಆದ್ರೆ ಇದು ಸೆಂಟ್ರಲ್ ರೊಟೊಕಾಸ್ ಲೆಕ್ಕ. ಅಇತಾ ಅನ್ನೋ ಉಪಭಾಷೆಲಿ ಮ, ನ, ಙ ಪ್ರತ್ಯೇಕ ಧ್ವನಿಗಳು ಅಂತ 2006ರಲ್ಲಿ ಭಾಷಾಶಾಸ್ತ್ರಜ್ಞ ಸ್ಟುವರ್ಟ್ ರಾಬಿನ್ಸನ್ ತೋರ್ಸಿದ್ರು, ಅಲ್ಲಿ ಅದಲು ಬದಲು ಮಾಡಂಗಿಲ್ಲ. ಯಾವುದೇ ರೆಕಾರ್ಡಿಂಗ್ ಕೇಳೋ ಮುಂಚೆ ಯಾವ ಉಪಭಾಷೆ ಅಂತ ನೋಡ್ಕೊಳಿ.

ಈಗ ವ್ಯಾಕರಣ, ನಿಯಮದ ಪಟ್ಟಿಗಿಂತ ವಾಕ್ಯ ಬಿಡಿಸೋದೇ ವಾಸಿ. ಅದೇ ಡಿಕ್ಷನರಿಯ ಮೊದಲನೇ ಉದಾಹರಣೆ: ಅಪೊಕ ಇರ ಕಾರೊಇ ಅಇಒಅ-ಇಅ ರೆಒರೆಒಪಒರೊ. ಮಾತಾಡ್ತಾ ಮಾತಾಡ್ತಾ ಅಪೊಕನಿಗೆ ಊಟ ಗಂಟಲಲ್ಲಿ ಸಿಕ್ಕಾಕೊಂಡಿದೆ ಅಂತ ಅರ್ಥ. ಕಾ ಅಂದ್ರೆ ಗಂಟಲು ಕಟ್ಟೋದು, ರೊ ಅಂದ್ರೆ ಅವನು, ಕೊನೆಯ ಇ ಅಂದ್ರೆ ಈಗ. ಕೊನೇ ಪದದಲ್ಲಿ ರೆಒ ಅಂದ್ರೆ ಮಾತು, ಅದು ಎರಡು ಸಲ ಬಂದಿದೆ, ಪ ಅಂದ್ರೆ ನಡೀತಾನೇ ಇರೋದು, ಒರೊ ನಮ್ಮ 'ಮಾತಾಡ್ತಾ'ದಲ್ಲಿರೋ ತಾ ಮಾಡೋ ಕೆಲಸನೇ ಮಾಡತ್ತೆ. ಇಅ ಅನ್ನೋದು ಪದದ ಹಿಂದೆ ಅಂಟ್ಕೊಳೋ ವಿಭಕ್ತಿ ತರದ್ದು. ಇಷ್ಟೆಲ್ಲಾ ಪರಿಚಯ ಇರೋ ಹಾಗೆ ಕಂಡ್ರೂ ಕ್ರಿಯಾಪದ ಮಧ್ಯದಲ್ಲೇ ಬಂದು ಹೋಯ್ತು ನೋಡಿ, ಊಟದ ವಿಷ್ಯ ಮಾತಿನ ವಿಷ್ಯ ಎಲ್ಲಾ ಅದಾದ್ಮೇಲೆ. ಕರ್ಮಪದ ಕ್ರಿಯಾಪದಕ್ಕಿಂತ ಮುಂಚೆ ಬರತ್ತೆ ಅನ್ನೋದು ನಮ್ ತರನೇ, ಹಾಗಂತ ಕ್ರಿಯಾಪದಕ್ಕಾಗಿ ವಾಕ್ಯದ ತುದಿವರೆಗೂ ಕಾಯಬೇಡಿ.

ಇನ್ನೊಂದು: ಒಸಿರೆಇತೊಅರೆಇ ಅವುಕವ ಇಅವ ಉರುರುಪವಿರ ತೊಉಪಸಿವೆಇರ, ಅಂದ್ರೆ ಮುದುಕಿಯ ಕಣ್ಣು ಮುಚ್ಚಿವೆ. ಕಣ್ಣು ಮೊದ್ಲು, ಯಾರ ಕಣ್ಣು ಅನ್ನೋದು ಆಮೇಲೆ, ಇಅವ ಅನ್ನೋದೇ ಆ ಸಂಬಂಧ ತೋರ್ಸೋ ಪದ. ಅವುಕವದ ಕೊನೆಯ ವ ಸ್ತ್ರೀಲಿಂಗ. ಕಣ್ಣು ಇಲ್ಲಿ ಪುಲ್ಲಿಂಗ! ಲಿಂಗ ಮೂರೇ ಆದ್ರೂ ನಮ್ ಹಾಗೆ ವಸ್ತು ಅಂದ್ರೆ ನಪುಂಸಕ ಅಂತ ಊಹೆ ಮಾಡೋ ಹಾಗಿಲ್ಲ, ಪ್ರತಿ ನಾಮಪದದ ಜೊತೆ ಲಿಂಗ ಬರ್ಕೊಳ್ಳೇಬೇಕು. ಸಂಸ್ಕೃತದ ಹಾಗೆ ದ್ವಿವಚನ ಬೇರೆ ಇದೆ, ಕಣ್ಣಿನ ಪದದಲ್ಲೂ ಇದೆ, ಕ್ರಿಯಾಪದದ ಒಳಗೆ ಸಿ ಆಗಿಯೂ ಇದೆ.

ಕೊನೆಯದಾಗಿ ಜನ ಬಿಟ್ಟುಬಿಡೋ ಒಂದು ವಿಷ್ಯ. ಕ್ರಿಯಾಪದಗಳು ಎರಡು ಗುಂಪು, ಡಿಕ್ಷನರಿಲಿ ಎ ಮತ್ತೆ ಬಿ ಅಂತ ಗುರುತು ಹಾಕಿರ್ತಾರೆ. ಎ ಗುಂಪಲ್ಲಿ ಅವನು ಅನ್ನೋಕೆ ರೊ, ಅವಳು ಅನ್ನೋಕೆ ಒ, ಬಿ ಗುಂಪಲ್ಲಿ ಅದೇ ರೆ ಮತ್ತೆ ಎ (ನಮ್ಮ ಎ ಸ್ವರ) ಆಗತ್ತೆ. ಕರ್ಮಪದ ಬೇಕಾಗೋ ಕ್ರಿಯಾಪದ ಸಾಮಾನ್ಯವಾಗಿ ಬಿ, ಬೇಕಾಗದೇ ಇರೋವು ಎರಡೂ ಕಡೆ ಹಂಚಿಹೋಗಿವೆ, ಅರ್ಥ ನೋಡಿ ಗೆಸ್ ಮಾಡೋಕಾಗಲ್ಲ. ಹೊಸ ಕ್ರಿಯಾಪದ ಸಿಕ್ಕಾಗಲೆಲ್ಲಾ ಅರ್ಥದ ಪಕ್ಕ ಗುಂಪನ್ನೂ ಬರ್ಕೊಳಿ, ಡಿಕ್ಷನರಿಲಿ ಅರ್ಥ ಇಂಗ್ಲಿಷ್ ಮತ್ತೆ ಟೋಕ್ ಪಿಸಿನ್ (ಪಪುವಾ ನ್ಯೂಗಿನಿಯ ಸಂಪರ್ಕ ಭಾಷೆ) ಎರಡರಲ್ಲೂ ಇರತ್ತೆ, ಎರಡನ್ನೂ ಓದಿ, ಒಂದ್ರಲ್ಲಿ ಅಸ್ಪಷ್ಟ ಇದ್ದಿದ್ದು ಇನ್ನೊಂದ್ರಲ್ಲಿ ಸರಿಯಾಗಿ ಗೊತ್ತಾಗತ್ತೆ.