ಹಸುಗೂಸು ಹಸಿರು ಕಕ್ಕಿದರೆ: ಹುಟ್ಟಿನಿಂದ ಬಂದ ಕರುಳಿನ ಅಡೆತಡೆ ಗುರುತಿಸುವುದು

ಕುಡಿದ ಹಾಲನ್ನು ಮಗು ಸ್ವಲ್ಪ ಕಕ್ಕುವುದಕ್ಕೆ ಹೆದರಬೇಕಿಲ್ಲ. ವಾಂತಿ ಪಾಲಕ್ ರಸದ ಹಾಗೆ ಹಸಿರಾಗಿದ್ದರೆ ಮಾತ್ರ, ಅಲ್ಲವೆಂದು ಖಚಿತವಾಗುವವರೆಗೆ ಕರುಳು ತಿರುಚಿಕೊಂಡಿದೆ ಎಂದೇ ತಿಳಿಯಬೇಕು. ಗರ್ಭದಲ್ಲಿ ಕರುಳು ಸರಿಯಾಗಿ ತಿರುಗಿ ನೆಲೆಗೊಳ್ಳದಿದ್ದರೆ ಅದರ ಬುಡ ಕಿರಿದಾಗಿರುತ್ತದೆ. ಹಗ್ಗದಂತೆ ಹೊಸೆದುಕೊಂಡು ರಕ್ತ ನಿಂತರೆ ಕೆಲವೇ ಗಂಟೆಗಳಲ್ಲಿ ಸಣ್ಣ ಕರುಳು ಕೊಳೆಯಬಹುದು. ಮೊದಮೊದಲು ಹೊಟ್ಟೆ ಮೆತ್ತಗೇ ಇರುತ್ತದೆ, ಎಕ್ಸ್‌ರೇ ಕೂಡ ಸಹಜವಾಗಿ ಕಾಣಬಹುದು. ಅದನ್ನು ನಂಬಿ ಬೆಳಗಿನವರೆಗೆ ಕಾಯುವುದೇ ದೊಡ್ಡ ತಪ್ಪು. ತಕ್ಷಣ ಚಿತ್ರದಲ್ಲಿ ಎದ್ದು ಕಾಣುವ ದ್ರವ ಕುಡಿಸಿ ಕಾಂಟ್ರಾಸ್ಟ್ ಎಕ್ಸ್‌ರೇ ತೆಗೆಸಿ: ಡುಯೋಡಿನಂ (ಸಣ್ಣ ಕರುಳಿನ ಮೊದಲ ಭಾಗ) ಬೆನ್ನುಮೂಳೆಯನ್ನು ದಾಟಿ ಎಡಕ್ಕೆ ಬಂದು, ಜಠರದ ಕೆಳಬಾಯಿಯ (ಪೈಲೋರಸ್) ಮಟ್ಟಕ್ಕೆ ಏರಿರಬೇಕು. ಮಗು ಆಗಲೇ ಸುಸ್ತಾಗಿ ಹೊಟ್ಟೆ ಗಡುಸಾಗಿದ್ದರೆ ಚಿತ್ರಕ್ಕೂ ಕಾಯುವಂತಿಲ್ಲ, ನೇರ ಆಪರೇಷನ್.

ಉಳಿದ ಅಡೆತಡೆಗಳನ್ನು ಕಣ್ಣು, ಕೈಗಳೇ ಬಹುಪಾಲು ಹಿಡಿಯುತ್ತವೆ. ಬಟ್ಟೆ ಬಿಚ್ಚಿ ಗುದದ್ವಾರ ಇದೆಯೇ, ಸರಿಯಾದ ಜಾಗದಲ್ಲಿದೆಯೇ ನೋಡಿ. ಬಾಯಲ್ಲಿ ನೊರೆ ಬರುವುದು ನಿಲ್ಲದಿದ್ದರೆ 10 ಫ್ರೆಂಚ್ ಗಾತ್ರದ ಟ್ಯೂಬ್ ಇಳಿಸಿ, 10–12 ಸೆಂ.ಮೀ.ಗೆ ತಡೆದು ನಿಂತರೆ ಅನ್ನನಾಳ ಮುಚ್ಚಿದೆ. ತೆಳು ಟ್ಯೂಬ್ ಒಳಗೇ ಸುರುಳಿ ಸುತ್ತಿ, ಇಳಿದಂತೆ ಮೋಸ ಮಾಡುತ್ತದೆ. ಎಕ್ಸ್‌ರೇಯಲ್ಲಿ ಎರಡೇ ಗುಳ್ಳೆ ಕಂಡು ಕೆಳಗೆ ಗಾಳಿ ಇಲ್ಲದಿದ್ದರೆ ಡುಯೋಡಿನಂ ಮುಚ್ಚಿದೆ. ಇದರ ಜೊತೆಗೆ ಬರಬಹುದಾದ ಡೌನ್ ಸಿಂಡ್ರೋಮ್ ಲಕ್ಷಣ ನೋಡಿ, ಹೃದಯದ ಎಕೋ ಮಾಡಿಸಿ.

ದಿನ ತುಂಬಿ ಹುಟ್ಟಿದ ಮಕ್ಕಳು ಸಾಮಾನ್ಯವಾಗಿ 24 ಗಂಟೆಯೊಳಗೆ ಕಪ್ಪು ಮಲ ಮಾಡುತ್ತವೆ. 48 ಗಂಟೆ ದಾಟಿಯೂ ಮಲವಾಗದೆ ಹೊಟ್ಟೆ ಉಬ್ಬಿದರೆ ಹರ್ಷ್‌ಸ್ಪ್ರಂಗ್ ರೋಗ (ಕರುಳಿನ ಕೊನೆಯ ಭಾಗದಲ್ಲಿ ನರಕೋಶಗಳೇ ಇಲ್ಲದಿರುವುದು) ನೆನಪಿರಲಿ. ಕಾಂಟ್ರಾಸ್ಟ್ ಎನಿಮಾಕ್ಕೆ (ಅದೇ ದ್ರವವನ್ನು ಗುದದಿಂದ ಬಿಟ್ಟು ತೆಗೆಯುವ ಚಿತ್ರ) ಮುಂಚೆ ಗುದ ತೊಳೆಯಬೇಡಿ, ಕರುಳು ಕಿರಿದಾಗುವ ಜಾಗ ಮರೆಯಾಗುತ್ತದೆ. ಕೊನೆಯ ಮಾತು ಬಯಾಪ್ಸಿಯದು (ಕರುಳಿನ ಚೂರು ತೆಗೆದು ಮಾಡುವ ಪರೀಕ್ಷೆ).

3ರಿಂದ 6 ವಾರದ ಮಗು ಬರೀ ಹಾಲನ್ನು ಚಿಮ್ಮಿಸಿ ಕಕ್ಕಿ, ಮತ್ತೆ ಹಸಿವಿನಿಂದ ಅತ್ತರೆ ಅಲ್ಟ್ರಾಸೌಂಡ್: ಜಠರದ ಕೆಳಬಾಯಿಯ ಸ್ನಾಯು 3 ಮಿ.ಮೀ.ಗಿಂತ ದಪ್ಪ, ನಾಳ 15 ಮಿ.ಮೀ.ಗಿಂತ ಉದ್ದವಿದ್ದರೆ ಪೈಲೋರಿಕ್ ಸ್ಟೆನೋಸಿಸ್ (ಆ ಬಾಯಿ ಕಿರಿದಾಗಿರುವುದು). ಇಲ್ಲಿ ಅವಸರ ಬೇಡ. ರಕ್ತದ ಕ್ಲೋರೈಡ್, ಪೊಟ್ಯಾಸಿಯಂ ಸರಿಪಡಿಸಿದ ಮೇಲೇ ಅರಿವಳಿಕೆ.

ಬಾಣಂತಿ ಕೋಣೆಯಲ್ಲಿ ಹರಳೆಣ್ಣೆ, ಜೇನು, ಗುಟ್ಟಿಯಂಥ ಮನೆಮದ್ದು ಕೊಟ್ಟು ನೋಡುವುದು ಬೇಡವೇ ಬೇಡ. ಹಾಲು ನಿಲ್ಲಿಸಿ, ಬಾಯಿಂದ ಟ್ಯೂಬ್ ಹಾಕಿ ಹೊಟ್ಟೆ ಖಾಲಿ ಮಾಡಿ, ಡ್ರಿಪ್ ಹಚ್ಚಿ, ಬೆಚ್ಚಗಿಡಿ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಎರಡು ಆಸ್ಪತ್ರೆ ಸುತ್ತಲು ಸಮಯವಿಲ್ಲ: ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಾಗಲಿ ಬೇರೆಡೆಯಾಗಲಿ, ಮಕ್ಕಳ ಸರ್ಜನ್ ಮತ್ತು ಎನ್‌ಐಸಿಯು (ಹಸುಗೂಸುಗಳ ತೀವ್ರ ನಿಗಾ ಘಟಕ) ಹಾಸಿಗೆ ಇದೆಯೇ ಎಂದು ಫೋನಿನಲ್ಲಿ ಕೇಳಿಯೇ ಹೊರಡಿ. ಹಸಿರು ಕಲೆಯಾದ ಬಟ್ಟೆಯನ್ನು ಒಗೆಯದೆ ಜೊತೆಗೆ ಒಯ್ಯಿರಿ.