ಅಮೆರಿಕದಲ್ಲಿ ಯಾವ ಸಿಟಿ ದೊಡ್ಡದು ಅಂತ ನೋಡೋ ಮುಂಚೆ ಗೆರೆ ಎಲ್ಲಿದೆ ನೋಡಿ

ಪರಿಚಯದ ಹುಡುಗ ಒಬ್ಬನಿಗೆ ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ ಕೆಲಸ ಸಿಕ್ಕಿತ್ತು, ಫೋನ್ ಮಾಡಿ ಖುಷಿಯಾಗಿ ಹೇಳ್ದ, ಅಣ್ಣಾ ಲಿಸ್ಟ್ ನೋಡಿದೆ, ಇದು ಮಯಾಮಿ ಎರಡರಷ್ಟು ದೊಡ್ಡ ಸಿಟಿಯಂತೆ, ಸ್ಯಾನ್ ಫ್ರಾನ್ಸಿಸ್ಕೋಗಿಂತಲೂ ಜನ ಜಾಸ್ತಿಯಂತೆ, ಹಾಗಾದ್ರೆ ಕಾರ್ ತಗೊಳ್ದೆ ಬಸ್ಸು ಟ್ರೇನಲ್ಲೇ ಓಡಾಡ್ಕೊಂಡು ಇರಬಹುದಲ್ವಾ ಅಂತ. ಅವನು ನೋಡಿದ ಲಿಸ್ಟ್ ತಪ್ಪೇನಲ್ಲ. 2020ರ ಸೆನ್ಸಸ್ ಪ್ರಕಾರ ಜಾಕ್ಸನ್‌ವಿಲ್ 9,49,611 ಜನ, ಸ್ಯಾನ್ ಫ್ರಾನ್ಸಿಸ್ಕೋ 8,73,965, ಮಯಾಮಿ ಬರೀ 4,42,241. ಆದ್ರೆ ಆ ನಂಬರಿಂದ ಅವನು ಅರ್ಥ ಮಾಡ್ಕೊಂಡಿದ್ದು ಪೂರ್ತಿ ಉಲ್ಟಾ. ಹೊಸದಾಗಿ ಬರೋ ನಮ್ಮೋರು ತುಂಬಾ ಜನ ಇಲ್ಲೇ ಎಡವ್ತಾರೆ, ಅದಕ್ಕೇ ಸ್ವಲ್ಪ ಬಿಡಿಸಿ ಬರೀತಿದೀನಿ.

1968ರಲ್ಲಿ ಜಾಕ್ಸನ್‌ವಿಲ್ ಸಿಟಿನೂ ಅದು ಇದ್ದ ಡುವಾಲ್ ಕೌಂಟಿನೂ (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ) ಸೇರಿಸಿ ಒಂದೇ ಸರ್ಕಾರ ಮಾಡಿದ್ರು. ಸಮುದ್ರದ ಕಡೆಯ ಮೂರು ಬೀಚ್ ಊರು ಮತ್ತೆ ಬಾಲ್ಡ್ವಿನ್ ಅನ್ನೋ ಪುಟ್ಟ ಊರು ಬಿಟ್ಟು ಇಡೀ ಕೌಂಟಿ ಸಿಟಿ ಆಗೋಯ್ತು, ಕಾಡು, ಜವುಗು, ಖಾಲಿ ಜಾಗ ಎಲ್ಲಾ ಸೇರಿ. ಹಾಗಾಗಿ ಅದರ ನೆಲ ಸುಮಾರು 747 ಚದರ ಮೈಲಿ. ಸ್ಯಾನ್ ಫ್ರಾನ್ಸಿಸ್ಕೋ ಸುಮಾರು 47, ಮಯಾಮಿ ಸುಮಾರು 36 ಅಷ್ಟೇ. ಮಯಾಮಿ ಸಿಟಿಯ ಗಡಿ ಗೆರೆ ದಾಟಿದ ತಕ್ಷಣ ಊರು ಮುಗಿಯಲ್ಲ, ಮನೆ ಪಕ್ಕ ಮನೆ ಹಾಗೇ ಮುಂದುವರಿಯತ್ತೆ, ಹೆಸರು ಮಾತ್ರ ಹಯಲೀಯ, ಕೋರಲ್ ಗೇಬಲ್ಸ್, ಮಯಾಮಿ ಬೀಚ್ ಅಂತ ಬದಲಾಗತ್ತೆ. ಸಿಟಿ ಜೊತೆ ಸುತ್ತಮುತ್ತಲಿನ ಊರೆಲ್ಲಾ ಸೇರಿಸಿದ ಪ್ರದೇಶಕ್ಕೆ ಇಲ್ಲಿ ಮೆಟ್ರೋ ಅಂತಾರೆ, ರೈಲಲ್ಲ; ಆ ಲೆಕ್ಕದಲ್ಲಿ ಮಯಾಮಿ ಮೆಟ್ರೋ 61 ಲಕ್ಷ, ಜಾಕ್ಸನ್‌ವಿಲ್ ಮೆಟ್ರೋ 16 ಲಕ್ಷ. ಈಗ ಹೇಳಿ ಯಾವುದು ದೊಡ್ಡ ಊರು. ಜನ ಅಷ್ಟು ಅಗಲಕ್ಕೆ ಹರಡ್ಕೊಂಡಿರೋ ಕಡೆ ಕಾರಿಲ್ದೆ ಓಡಾಡೋದು ಕಷ್ಟ.

ಈ ಸಿಟಿ ಗೆರೆ ಎಲ್ಲಿ ಬೀಳಬೇಕು ಅಂತ ಕೇಂದ್ರ ಸರ್ಕಾರ ಹೇಳಲ್ಲ. ಸಿಟಿ ಹೇಗೆ ಹುಟ್ಟಬೇಕು, ಪಕ್ಕದ ಜಾಗ ಹೇಗೆ ಸೇರಿಸ್ಕೋಬಹುದು ಅನ್ನೋದೆಲ್ಲ ಆಯಾ ಸ್ಟೇಟಿನ ಕಾನೂನು, ಅದಕ್ಕೇ ಒಂದೊಂದು ಕಡೆ ಒಂದೊಂದು ಥರ. ಒಹಾಯೋದ ಕೊಲಂಬಸ್ 1950ರ ದಶಕದಲ್ಲಿ ಒಂದು ಪಟ್ಟು ಹಿಡೀತು, ನಮ್ಮ ನೀರು ಒಳಚರಂಡಿ ಬೇಕಾ, ಹಾಗಾದ್ರೆ ನಮ್ಮ ಸಿಟಿಗೇ ಸೇರಿ ಅಂತ. ಹಾಗೆ ಬೆಳೆದು ಇವತ್ತು 9 ಲಕ್ಷ ದಾಟಿದೆ, ಲಿಸ್ಟಲ್ಲಿ ಸಿಯಾಟಲ್, ಬಾಸ್ಟನ್, ಅಟ್ಲಾಂಟಾ ಎಲ್ಲಕ್ಕಿಂತ ಮೇಲೆ ಕೂತಿದೆ. ಬಾಸ್ಟನ್ ಕಥೆ ಬೇರೆ, ಪಕ್ಕದ ಬ್ರೂಕ್‌ಲೈನ್ 1873ರಲ್ಲೇ ನಿಮ್ಮ ಜೊತೆ ಸೇರಲ್ಲ ಅಂತ ವೋಟ್ ಹಾಕ್ತು, ನೀವು ಮ್ಯಾಪ್ ತೆಗೆದು ನೋಡಿದ್ರೆ ಬ್ರೂಕ್‌ಲೈನ್ ಬಾಸ್ಟನ್ ಹೊಟ್ಟೆಗೆ ಚುಚ್ಚಿದ ಹಾಗೆ ಇವತ್ತಿಗೂ ಇದೆ. ಕೆಂಟಕಿಯ ಲೂಯಿವಿಲ್ ನೋಡಿದ್ರಂತೂ ಇನ್ನೂ ಸ್ಪಷ್ಟ ಆಗತ್ತೆ: 2000ದ ಸೆನ್ಸಸಲ್ಲಿ 2,56,231 ಜನ, 2010ರಲ್ಲಿ 5,97,337. ಹತ್ತು ವರ್ಷದಲ್ಲಿ ಅಷ್ಟು ಜನ ಅಲ್ಲಿಗೆ ಓಡಿ ಬರಲಿಲ್ಲ, 2003ರಲ್ಲಿ ಸಿಟಿನೂ ಕೌಂಟಿನೂ ಒಂದು ಮಾಡಿದ್ರು ಅಷ್ಟೇ. ಟೆಕ್ಸಸಲ್ಲಿ ಹ್ಯೂಸ್ಟನ್ ಥರದ ಸಿಟಿಗಳು ಸುತ್ತಲಿನ ಬಡಾವಣೆಗಳನ್ನ ಅಲ್ಲಿನ ಜನರನ್ನ ಕೇಳದೇನೇ ಸೇರಿಸ್ಕೊಳ್ತಿದ್ವು, 1996ರಲ್ಲಿ ಕಿಂಗ್‌ವುಡ್‌ನ ಹಾಗೇ ತಗೊಂಡಾಗ ದೊಡ್ಡ ಜಗಳಾನೇ ಆಯ್ತು, 2017 ಮತ್ತು 2019ರ ಕಾನೂನುಗಳು ಬಂದ ಮೇಲೆ ಹೆಚ್ಚಿನ ಕಡೆ ಜನರ ಒಪ್ಪಿಗೆ ಇಲ್ದೆ ಹಾಗೆ ಮಾಡೋಕಾಗಲ್ಲ.

ಸರಿ, ಹಾಗಾದ್ರೆ ಮೆಟ್ರೋ ಲೆಕ್ಕನೇ ನಂಬಬಹುದಾ ಅಂದ್ರೆ, ಸಿಟಿ ಲಿಸ್ಟಿಗಿಂತ ಎಷ್ಟೋ ವಾಸಿ, ಆದ್ರೆ ಅದೂ ಗೆರೆನೇ. ಎಂಎಸ್ಎ (ಮೆಟ್ರೋಪಾಲಿಟನ್ ಸ್ಟ್ಯಾಟಿಸ್ಟಿಕಲ್ ಏರಿಯಾ) ಅಂತಾರೆ ಅದನ್ನ, ಕೇಂದ್ರ ಸರ್ಕಾರದ ಬಜೆಟ್ ಆಫೀಸ್ ಅದನ್ನ ಗೊತ್ತು ಮಾಡತ್ತೆ, ಇಡೀ ಇಡೀ ಕೌಂಟಿಗಳನ್ನ ಜೋಡಿಸಿ ಮಾಡತ್ತೆ, ಪಕ್ಕದ ಕೌಂಟಿಯಿಂದ ದಿನಾ ಎಷ್ಟು ಜನ ಕೆಲಸಕ್ಕೆ ಓಡಾಡ್ತಾರೆ ಅನ್ನೋದು ಮುಖ್ಯ ಅಳತೆ. ಪೂರ್ವದಲ್ಲಿ ಕೌಂಟಿಗಳು ಚಿಕ್ಕವು, ಪಶ್ಚಿಮದಲ್ಲಿ ಭಾರೀ ದೊಡ್ಡವು, ಹಾಗಾಗಿ ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ಸ್ಯಾನ್ ಬರ್ನಾರ್ಡಿನೋ ಮೆಟ್ರೋ ಅಂದ್ರೆ ಅರ್ಧಕ್ಕಿಂತ ಜಾಸ್ತಿ ಬರೀ ಮರುಭೂಮಿ. ಬೇ ಏರಿಯಾದಲ್ಲಿ, ಅಂದ್ರೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ, ಇರೋರಿಗೆ ಇನ್ನೊಂದು ವಿಚಿತ್ರ ಕಾಣತ್ತೆ, ಸ್ಯಾನ್ ಹೊಸೆ ಸುತ್ತಲಿನದು ಒಂದು ಮೆಟ್ರೋ, ಸ್ಯಾನ್ ಫ್ರಾನ್ಸಿಸ್ಕೋ ಓಕ್‌ಲ್ಯಾಂಡ್ ಇನ್ನೊಂದು. ಸ್ಯಾನ್ ಹೊಸೆ ಸಿಟಿ 10,13,240, ಸ್ಯಾನ್ ಫ್ರಾನ್ಸಿಸ್ಕೋಗಿಂತ ದೊಡ್ಡದು, ಆದ್ರೆ ಮೆಟ್ರೋ ನೋಡಿದ್ರೆ ಸ್ಯಾನ್ ಹೊಸೆದು 20 ಲಕ್ಷ, ಸ್ಯಾನ್ ಫ್ರಾನ್ಸಿಸ್ಕೋದು 47 ಲಕ್ಷ.

ಈ ಮೆಟ್ರೋ ಗೆರೆ ಎಚ್-1ಬಿ ಕೆಲಸದ ವೀಸಾ ಮೇಲೆ ಇರೋರಿಗೆ ಬರೀ ಜನರಲ್ ನಾಲೆಡ್ಜ್ ಅಲ್ಲ, ಇದನ್ನ ದಯವಿಟ್ಟು ಗಮನ ಇಟ್ಟು ಓದಿ. ನಿಮ್ಮ ಕಂಪನಿ ನಿಮಗೆ ಕೊಡಲೇಬೇಕಾದ ಪ್ರಿವೇಲಿಂಗ್ ವೇಜ್ (ಆ ಪ್ರದೇಶದಲ್ಲಿ ಆ ಕೆಲಸಕ್ಕೆ ಇರೋ ಸಂಬಳದ ಮಟ್ಟ) ಲೆಕ್ಕ ಹಾಕೋದು ಕೆಲಸದ ಜಾಗ ಯಾವ ಮೆಟ್ರೋದಲ್ಲಿ ಬರತ್ತೆ ಅನ್ನೋದ್ರ ಮೇಲೆ. ಫ್ರೀಮಾಂಟ್ ಅಲಮೇಡಾ ಕೌಂಟಿ, ಅಂದ್ರೆ ಸ್ಯಾನ್ ಫ್ರಾನ್ಸಿಸ್ಕೋ ಲೆಕ್ಕ. ಪಕ್ಕದ ಮಿಲ್ಪಿಟಸ್ ಸಾಂಟಾ ಕ್ಲಾರಾ ಕೌಂಟಿ, ಸ್ಯಾನ್ ಹೊಸೆ ಲೆಕ್ಕ. ಕೆಲಸದ ಜಾಗ ಅದೇ ಮೆಟ್ರೋ ಒಳಗೆ ಬದಲಾದ್ರೆ ಸಾಮಾನ್ಯವಾಗಿ ಕಂಪನಿ ಹೊಸ ಪಿಟಿಶನ್ (ವೀಸಾ ಅರ್ಜಿ) ಹಾಕೋದು ಬೇಡ, ಆದ್ರೆ ಬೇರೆ ಮೆಟ್ರೋಗೆ ಹೋದ್ರೆ ವಲಸೆ ಇಲಾಖೆಯ 2015ರ ಸಿಮಿಯೋ ತೀರ್ಪಿನ ನಂತರ ಅಮೆಂಡ್‌ಮೆಂಟ್, ಅಂದ್ರೆ ತಿದ್ದುಪಡಿ ಅರ್ಜಿ, ಹಾಕಬೇಕಾಗತ್ತೆ, ದಿನಾ ಓಡಾಡೋವಷ್ಟು ಹತ್ತಿರ ಇದ್ರೆ ವಿನಾಯಿತಿ ಸಿಗಬಹುದು. ಮನೆಯಿಂದ ಕೆಲಸ ಮಾಡೋರಿಗೆ ಮನೆನೇ ಕೆಲಸದ ಜಾಗ ಅನ್ನೋದು ಮರೀಬೇಡಿ. ಬಾಡಿಗೆ ಕಡಿಮೆ ಅಂತ ದೂರದ ಕೌಂಟಿಗೆ ಮನೆ ಬದಲಾಯಿಸೋ ಮುಂಚೆ ಕಂಪನಿಯ ಅಟಾರ್ನಿಗೆ ಒಂದು ಈಮೇಲ್ ಹಾಕಿ, ಶಿಫ್ಟ್ ಆದ ಮೇಲೆ ಅಲ್ಲ.

ಇನ್ನು ಮನೆ ಹುಡುಕೋ ವಿಷಯ. ಇಲ್ಲಿ ವಿಳಾಸದಲ್ಲಿ ಬರೆದಿರೋ ಊರಿನ ಹೆಸರು ಪೋಸ್ಟ್ ಆಫೀಸಿನ ಅನುಕೂಲಕ್ಕೆ ಇರೋದು, ಜಿಪ್ ಕೋಡ್ (ನಮ್ಮ ಪಿನ್ ಕೋಡ್ ಥರ) ಸಿಟಿ ಗೆರೆಗಳನ್ನ ಲೆಕ್ಕಕ್ಕೇ ತಗೊಳಲ್ಲ. ಅಟ್ಲಾಂಟಾ ಉತ್ತರಕ್ಕೆ ಫೋರ್ಸೈತ್ ಕೌಂಟಿಯಲ್ಲಿ ನಮ್ಮ ಜನ ಎಷ್ಟು ಇದಾರೆ, ಎಲ್ರೂ ಕಮಿಂಗ್‌ನಲ್ಲಿ ಇದೀವಿ ಅಂತಾರೆ, ಆದ್ರೆ ಕಮಿಂಗ್ ಸಿಟಿಯಲ್ಲಿ 2020ರಲ್ಲಿ ಇದ್ದಿದ್ದು 7,318 ಜನ, ಕೌಂಟಿಯಲ್ಲಿ ಎರಡೂವರೆ ಲಕ್ಷ. ಉಳಿದೋರೆಲ್ಲ ಬಹುತೇಕ ಯಾವ ಸಿಟಿಗೂ ಸೇರದ ಜಾಗದಲ್ಲಿ ಇದಾರೆ, ಇದಕ್ಕೆ ಅನ್‌ಇನ್ಕಾರ್ಪೊರೇಟೆಡ್ ಅಂತಾರೆ. ಅಲ್ಲಿ ಮೇಯರ್ ಇಲ್ಲ, ಸಿಟಿ ಟ್ಯಾಕ್ಸ್ ಇಲ್ಲ, ಪೊಲೀಸ್ ಬದಲು ಕೌಂಟಿ ಶೆರಿಫ್, ರಸ್ತೆ ಗುಂಡಿ ಬಗ್ಗೆ ದೂರು ಕೊಡಬೇಕಾದ್ರೂ ಕೌಂಟಿಗೇ. ಅಲ್ಲೇ ಕೆಳಗಿರೋ ಜಾನ್ಸ್ ಕ್ರೀಕ್ ಸಿಟಿ ಆಗಿದ್ದೇ 2006ರಲ್ಲಿ, ಅಲ್ಲಿರೋ ಎಷ್ಟೋ ಮನೆಗಳ ವಿಳಾಸದಲ್ಲಿ ಡುಲೂತ್, ಆಲ್ಫರೆಟ್ಟಾ ಅಂತ ಇರತ್ತೆ. ಹ್ಯೂಸ್ಟನ್ ಕಡೆ ಕೇಟಿ ಅನ್ನೋ ವಿಳಾಸದವರಲ್ಲಿ ಹೆಚ್ಚಿನವರು ಕೇಟಿ ಸಿಟಿ ಒಳಗೇ ಇಲ್ಲ, ಅಂಥಾ ಎಷ್ಟೋ ಬಡಾವಣೆಗಳಿಗೆ ನೀರು ಒಳಚರಂಡಿ ಕೊಡೋದು ಮಡ್ (ಮುನಿಸಿಪಲ್ ಯುಟಿಲಿಟಿ ಡಿಸ್ಟ್ರಿಕ್ಟ್) ಅನ್ನೋ ಸ್ಥಳೀಯ ಸಂಸ್ಥೆ, ಅದರ ಟ್ಯಾಕ್ಸ್ ಬೇರೆ ಬೀಳತ್ತೆ. ಮನೆ ಬೆಲೆ ನೋಡಿ ಖುಷಿಪಟ್ಟು ಆಮೇಲೆ ಪ್ರಾಪರ್ಟಿ ಟ್ಯಾಕ್ಸ್ ಬಿಲ್ ನೋಡಿ ತಲೆ ಮೇಲೆ ಕೈ ಇಟ್ಕೊಂಡೋರನ್ನ ನೋಡಿದೀನಿ, ಪಾಪ. ನ್ಯೂಜರ್ಸಿಯಲ್ಲಿ ಇದರ ಉಲ್ಟಾ, ಅಲ್ಲಿ ಸಿಟಿನೋ ಟೌನ್‌ಶಿಪ್ಪೋ ಬರೋ (borough) ಅನ್ನೋ ಥರದ್ದೋ, ಯಾವುದಾದ್ರೂ ಒಂದು ಊರಾಡಳಿತದ ಒಳಗೆ ಇಲ್ಲದ ಜಾಗನೇ ಇಲ್ಲ, ಆದ್ರೆ ಪ್ರಿನ್ಸ್‌ಟನ್ ಜಂಕ್ಷನ್ ಅಂತ ವಿಳಾಸ ಇದ್ರೆ ನೀವಿರೋದು ವೆಸ್ಟ್ ವಿಂಡ್ಸರ್, ಪ್ರಿನ್ಸ್‌ಟನ್ ಅಲ್ಲ.

ಸ್ಕೂಲ್ ಗೆರೆ ಇದೆಲ್ಲದಕ್ಕಿಂತ ಬೇರೆ. ಫ್ಲಾರಿಡಾದಲ್ಲಿ ಒಂದು ಕೌಂಟಿಗೆ ಒಂದೇ ಸ್ಕೂಲ್ ಡಿಸ್ಟ್ರಿಕ್ಟ್ (ಸರ್ಕಾರಿ ಶಾಲೆಗಳ ಆಡಳಿತ ವ್ಯಾಪ್ತಿ), ಸುಲಭ. ಕ್ಯಾಲಿಫೋರ್ನಿಯಾದಲ್ಲಿ ಪಶ್ಚಿಮ ಸ್ಯಾನ್ ಹೊಸೆಯ ಒಂದಷ್ಟು ಮನೆಗಳು ಕೂಪರ್‌ಟಿನೋ ಡಿಸ್ಟ್ರಿಕ್ಟಿಗೆ ಬರತ್ತೆ, ರಸ್ತೆಯ ಈ ಕಡೆ ಆ ಕಡೆ ಮನೆ ಬೆಲೆನೇ ಬದಲಾಗತ್ತೆ. ಇನ್‌ಕಂ ಟ್ಯಾಕ್ಸಿಗೂ ಗೆರೆ ಇದೆ: ನ್ಯೂಯಾರ್ಕ್ ಸಿಟಿ ಒಳಗೆ ವಾಸ ಇದ್ರೆ ಫೆಡರಲ್ಲು ಸ್ಟೇಟು ಜೊತೆಗೆ ಸಿಟಿದೂ ಕಟ್ಟಬೇಕು, ನದಿ ದಾಟಿ ಜರ್ಸಿ ಸಿಟಿಯಲ್ಲಿದ್ರೆ ಆ ಸಿಟಿ ಟ್ಯಾಕ್ಸ್ ಇಲ್ಲ, ಕೆಲಸ ಮ್ಯಾನ್‌ಹ್ಯಾಟನ್‌ನಲ್ಲೇ ಇದ್ರೂ. ನ್ಯೂಯಾರ್ಕ್ ಸ್ಟೇಟಿನದು ಮಾತ್ರ ತಪ್ಪಲ್ಲ.

ಇನ್ನೊಂದು ಲಿಸ್ಟ್ ವಾಟ್ಸಾಪಲ್ಲಿ ಬರ್ತಾನೇ ಇರತ್ತೆ, ಅಮೆರಿಕದ ಡೇಂಜರಸ್ ಸಿಟಿಗಳು ಅಂತ, ಅದರಲ್ಲಿ ಸೇಂಟ್ ಲೂಯಿಸ್ ಮೇಲಿನ ಸಾಲಲ್ಲೇ. ಅಲ್ಲಿ ಅಪರಾಧ ಇಲ್ಲ ಅಂತ ನಾನು ಹೇಳ್ತಿಲ್ಲ, ಇದೆ, ಅಲ್ಲಿನ ಜನ ಅದರ ನೋವು ತಿಂದಿದಾರೆ. ಆದ್ರೆ ಆ ಸಿಟಿ 1870ರ ದಶಕದಲ್ಲೇ ತನ್ನ ಕೌಂಟಿಯಿಂದ ಬೇರೆ ಆಗಿ ಗೆರೆ ಗಟ್ಟಿ ಮಾಡ್ಕೊಂಡುಬಿಡ್ತು, ಆಮೇಲೆ ಬೆಳೆದ ಬಡಾವಣೆಗಳೆಲ್ಲ ಗೆರೆಯ ಆಚೆಗೇ ಉಳಿದ್ವು. ಮೆಟ್ರೋದ 28 ಲಕ್ಷ ಜನರಲ್ಲಿ ಸಿಟಿ ಒಳಗೆ ಇರೋರು ಬರೀ 3 ಲಕ್ಷ. ಜಾಕ್ಸನ್‌ವಿಲ್ ಥರ ಸುತ್ತಲಿನ ಬಡಾವಣೆಗಳನ್ನೂ ಒಳಗೆ ಹಾಕ್ಕೊಂಡಿರೋ ಸಿಟಿ ಜೊತೆ ಇದನ್ನ ತಲಾವಾರು ಲೆಕ್ಕದಲ್ಲಿ ಇಟ್ಟು ನೋಡೋದು ನ್ಯಾಯ ಅಲ್ಲ. ಇಂಥಾ ರ‍್ಯಾಂಕಿಂಗ್ ಮಾಡಬೇಡಿ ಅಂತ ಎಫ್‌ಬಿಐ ಕೂಡ ಎಚ್ಚರಿಕೆ ಕೊಡ್ತಾ ಬಂದಿದೆ. ಅಲ್ಲಿ ಒಳ್ಳೆ ಕೆಲಸ ಸಿಕ್ಕಿದ್ದನ್ನ ಬರೀ ಆ ಲಿಸ್ಟ್ ನೋಡಿ ಬಿಡಬೇಡಿ, ನೀವು ಇರೋ ಬೀದಿ ಯಾವುದು ಅಂತ ನೋಡಿ.

ನೋಡೋದು ಹೇಗೆ ಅಂದ್ರೆ, ಸೆನ್ಸಸ್ ಬ್ಯೂರೋದ ಜಿಯೋಕೋಡರ್ ಇದೆ, ಫ್ರೀ, ವಿಳಾಸ ಹಾಕಿದ್ರೆ ಯಾವ ಕೌಂಟಿ, ಯಾವ ಸಿಟಿ, ಸಿಟಿ ಒಳಗಿದೀರೋ ಇಲ್ವೋ, ಎಲ್ಲಾ ಬರತ್ತೆ. ಮನೆ ಕೊಳ್ಳೋರು ಕೌಂಟಿಯ ಪ್ರಾಪರ್ಟಿ ವೆಬ್‌ಸೈಟಲ್ಲಿ ಆ ಮನೆಯ ಹೋದ ವರ್ಷದ ಟ್ಯಾಕ್ಸ್ ಬಿಲ್ ತೆಗೀರಿ, ಯಾರ‍್ಯಾರಿಗೆ ಎಷ್ಟೆಷ್ಟು ಹೋಗತ್ತೆ ಅಂತ ಸಾಲಾಗಿ ಇರತ್ತೆ, ಅಲ್ಲಿ ಸಿಟಿ ಹೆಸರು ಇಲ್ಲ ಅಂದ್ರೆ ನೀವು ಸಿಟಿ ಆಚೆ ಇರಬಹುದು.

ಆ ಹುಡುಗನಿಗೂ ಇದೇ ಮಾಡಿಸಿದೆ. ಅವನ ಹತ್ರ ಎರಡು ಅಪಾರ್ಟ್‌ಮೆಂಟ್ ಇತ್ತು, ಒಂದು ಜಾಕ್ಸನ್‌ವಿಲ್ ಸಿಟಿ ಒಳಗೇ ಆದ್ರೆ ಆಫೀಸಿಂದ ತುಂಬಾ ದೂರ, ಇನ್ನೊಂದು ಪಕ್ಕದ ಕ್ಲೇ ಕೌಂಟಿಯ ಆರೆಂಜ್ ಪಾರ್ಕಲ್ಲಿ, ಸಿಟಿ ಆಚೆ ಆದ್ರೂ ಆಫೀಸಿಗೆ ಹತ್ರ. ಎರಡೂ ಒಂದೇ ಮೆಟ್ರೋ, ಹಾಗಾಗಿ ವೀಸಾ ತಲೆನೋವಿಲ್ಲ. ಆರೆಂಜ್ ಪಾರ್ಕ್ ಮನೆನೇ ಹಿಡಿದ, ಕಾರೂ ತಗೊಂಡ.