ಅಕ್ವೇರಿಯಂ ಸ್ಟ್ಯಾಂಡಿನ ಮಟ್ಟ: ಓರೆಗಿಂತ ತಿರುಚು ಅಪಾಯ

ಮುಂಬಯಿಯ ಮುಲುಂಡಿನಲ್ಲಿರುವ ನಮ್ಮ ಮನೆಯ ಹಾಲ್‌ನಲ್ಲಿ ನಾಲ್ಕು ಅಡಿ ಉದ್ದದ ಅಕ್ವೇರಿಯಂ ಇದೆ. ನೋಡಲು ಬಂದವರು ಮೀನಿನ ಹೆಸರು ಕೇಳುತ್ತಾರೆ. ತಾವೂ ಇಂಥದ್ದೊಂದನ್ನು ಇಡಬೇಕು ಎನ್ನುವವರಿಗೆ ಮಾತ್ರ ನಾನು ಮೀನಿನ ವಿಷಯ ಬದಿಗಿಟ್ಟು ಸ್ಟ್ಯಾಂಡಿನ ಕಾಲುಗಳನ್ನು ತೋರಿಸುತ್ತೇನೆ.

ಮೊದಲು ಭಾರದ ಲೆಕ್ಕ. ತೊಟ್ಟಿಯ ಉದ್ದ 120 ಸೆಂ.ಮೀ., ಅಗಲ 45, ಎತ್ತರ 45. ಕಂಠಮಟ್ಟ ತುಂಬಿದರೆ 243 ಲೀಟರ್ ನೀರು. 10 ಮಿ.ಮೀ. ದಪ್ಪದ ಗಾಜು ಚದರ ಮೀಟರಿಗೆ 25 ಕಿಲೋ ತೂಗುವುದರಿಂದ ಖಾಲಿ ತೊಟ್ಟಿಯೇ 50 ಕಿಲೋ. ಜಲ್ಲಿ, ಕಲ್ಲು, ಕಬ್ಬಿಣದ ಸ್ಟ್ಯಾಂಡ್ ಎಲ್ಲ ಕೂಡಿದರೆ 370ರಿಂದ 380 ಕಿಲೋ. ಅದೂ ಅರ್ಧ ಚದರ ಮೀಟರಿಗಿಂತ ಸ್ವಲ್ಪವೇ ಹೆಚ್ಚು ಜಾಗದಲ್ಲಿ. ಕಟ್ಟಡಗಳು ಹೊರಬೇಕಾದ ಭಾರದ ಭಾರತೀಯ ಮಾನಕ ಐಎಸ್ 875 ವಾಸದ ಕೋಣೆಗಳಿಗೆ ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 200 ಕಿಲೋ, ಅದು ಇಡೀ ಕೋಣೆಗೆ ಹರಡಿದ ಲೆಕ್ಕ. ಹಾಗಾಗಿ ನಾನು ಕೋಣೆಯ ನಡುಭಾಗವನ್ನು ಯೋಚಿಸಲೇ ಇಲ್ಲ. ಕೆಳಗೆ ಬೀಮ್ ಇರುವ ಗೋಡೆಗೆ ಉದ್ದಕ್ಕೆ ಆನಿಸಿ ಜಾಗ ಗೊತ್ತುಮಾಡಿದೆ. ಮುಂಬಯಿಯಲ್ಲಿ 30 ವರ್ಷ ದಾಟಿದ ಕಟ್ಟಡಗಳಿಗೆ ಸ್ಟ್ರಕ್ಚರಲ್ ಆಡಿಟ್, ಅಂದರೆ ಗಟ್ಟಿತನದ ತಪಾಸಣೆ, ಕಡ್ಡಾಯ. ಅಂಥ ಕಟ್ಟಡದಲ್ಲಿರುವವರು ಇಂಜಿನಿಯರರನ್ನು ಕೇಳದೆ ಇಷ್ಟು ದೊಡ್ಡ ತೊಟ್ಟಿಗೆ ಕೈಹಾಕಬಾರದು.

ಜಾಗದ ಟೈಲ್ಸ್‌ಗಳನ್ನು ಬೆರಳ ಗೆಣ್ಣಿನಿಂದ ಒಂದೊಂದಾಗಿ ತಟ್ಟಿ ನೋಡಿದೆ. ಟೊಳ್ಳು ಸದ್ದು ಬಂದ ಟೈಲ್‌ನ ಕೆಳಗೆ ಸಿಮೆಂಟ್ ಹಿಡಿದಿಲ್ಲ ಎಂದರ್ಥ. ಅದರ ಮೇಲೆ ಸ್ಟ್ಯಾಂಡಿನ ಕಾಲು ಬರಬಾರದು.

ಇನ್ನು ಇಳಿಜಾರು. ನಮ್ಮ ಕಡೆಯ ಹಳೆಯ ಫ್ಲ್ಯಾಟ್‌ಗಳಲ್ಲಿ ತೊಳೆದ ನೀರು ಹರಿದುಹೋಗಲೆಂದು ನೆಲವನ್ನು ಬಾಲ್ಕನಿಯ ಕಡೆಗೋ ಬಾಗಿಲ ಕಡೆಗೋ ಸ್ವಲ್ಪ ಇಳಿಸಿರುತ್ತಾರೆ, ಕಣ್ಣಿಗೆ ಕಾಣುವುದಿಲ್ಲ. ಗಿಡ್ಡ ರಸಮಟ್ಟ (ಸ್ಪಿರಿಟ್ ಲೆವೆಲ್) ಒಂದನ್ನೇ ನಂಬಿದರೆ ನಾಲ್ಕು ಅಡಿಯ ಕಥೆ ಪೂರ್ತಿ ತಿಳಿಯದು. ಗಾರೆ ಕೆಲಸದವರು ಬಳಸುವ ಪಾರದರ್ಶಕ ಲೆವೆಲ್ ಪೈಪ್ ಇದಕ್ಕೆ ಸರಿಯಾದ ಸಾಧನ, ಅದರ ಎರಡೂ ತುದಿಗಳಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಗಾಳಿಗುಳ್ಳೆ ಉಳಿಯದಂತೆ ನೀರು ತುಂಬಿ, ಕಾಣಲೆಂದು ಎರಡು ತೊಟ್ಟು ಶಾಯಿ ಹಾಕಿದೆ. ಒಂದು ತುದಿಯನ್ನು ಭಾವ ಗೋಡೆಯ ಗುರುತಿಗೆ ಹಿಡಿದರು, ಇನ್ನೊಂದನ್ನು ನಾನು ನಾಲ್ಕು ಕಾಲು ಬರುವ ಜಾಗಗಳಿಗೆ ಒಯ್ದೆ. ಪ್ರತಿ ಸಲವೂ “ಭಾವ, ಹೆಬ್ಬೆರಳು ತೆಗೆಯಿರಿ” ಎನ್ನಬೇಕಾಗುತ್ತಿತ್ತು. ಒಂದು ಬಾಯಿ ಮುಚ್ಚಿದ್ದರೂ ಪೈಪಿನಲ್ಲಿ ನೀರು ಅಲುಗುವುದಿಲ್ಲ. ಅವರ ಕಡೆಯ ನೀರು ಗುರುತಿಗೆ ಬರುವವರೆಗೆ ನನ್ನ ತುದಿಯನ್ನು ಏರಿಸಿ ಇಳಿಸಿ, ಆಮೇಲೆ ನನ್ನ ಕಡೆಯ ನೀರಿನಿಂದ ನೆಲಕ್ಕೆ ಎಷ್ಟು ಎಂದು ಅಳೆದೆವು.

ಒಳಗಿನ, ಅಂದರೆ ಬಾಲ್ಕನಿಯಿಂದ ದೂರದ ತುದಿಯ, ಹಿಂದಿನ ಮೂಲೆ ಎಲ್ಲಕ್ಕಿಂತ ಎತ್ತರದಲ್ಲಿತ್ತು. ಅದಕ್ಕಿಂತ ಒಳಗಿನ ಮುಂದಿನ ಮೂಲೆ 2 ಮಿ.ಮೀ. ತಗ್ಗು, ಬಾಲ್ಕನಿ ಕಡೆಯ ಹಿಂದಿನದು 7, ಮುಂದಿನದು 11. ಈಗ ಕರ್ಣದ ಎರಡು ತುದಿಯ ಮೂಲೆಗಳನ್ನು ಕೂಡಿ ನೋಡಿ: 0 ಮತ್ತು 11 ಸೇರಿ 11, 2 ಮತ್ತು 7 ಸೇರಿ 9. ಎರಡೂ ಮೊತ್ತ ಒಂದೇ ಆಗಿದ್ದರೆ ನೆಲ ಓರೆಯಾಗಿದ್ದರೂ ನಾಲ್ಕು ಮೂಲೆಗಳು ಒಂದೇ ಸಮತಲದಲ್ಲಿವೆ. ಇಲ್ಲಿ 2 ಮಿ.ಮೀ. ವ್ಯತ್ಯಾಸ ಬಂತು, ಅಂದರೆ ನೆಲ ತಿರುಚಿದೆ.

ಭಯಪಡಬೇಕಾದದ್ದು ಈ ತಿರುಚಿಗೆ. ತೊಟ್ಟಿ ಬರಿ ಓರೆಯಾಗಿದ್ದರೆ ತಗ್ಗಿನ ತುದಿಯಲ್ಲಿ ನೀರು ಐದಾರು ಮಿ.ಮೀ. ಹೆಚ್ಚು ನಿಲ್ಲುತ್ತದೆ, 40 ಸೆಂ.ಮೀ. ಆಳದ ನೀರಿನಲ್ಲಿ ಒತ್ತಡ ಹೆಚ್ಚುವುದು ನೂರಕ್ಕೆ ಒಂದೂವರೆಯಷ್ಟೇ. ನೋಟ ಕೆಡುತ್ತದೆ, ತಗ್ಗಿನ ಕಡೆಯ ಕಾಲುಗಳ ಮೇಲೆ ಭಾರ ಸ್ವಲ್ಪ ಹೆಚ್ಚು ಬೀಳುತ್ತದೆ, ಅಷ್ಟೆ. ಆಧಾರವೇ ತಿರುಚಿದ್ದರೆ ಗಾಜು ಮೂರು ಮೂಲೆಗಳ ಮೇಲೆ ಕೂತು, ನಾಲ್ಕನೆಯದು ಭಾರಕ್ಕೆ ಕೆಳಗೆ ಬಾಗಬೇಕಾಗುತ್ತದೆ. ಗಾಜು ಬಾಗುವ ಜಾತಿಯದಲ್ಲ. ಆ ಎಳೆತವನ್ನೆಲ್ಲ ತಳದ ಗಾಜು ಮತ್ತು ಸಿಲಿಕೋನ್ ಬೆಸುಗೆ ಹಗಲೂ ರಾತ್ರಿ ತಾಳಿಕೊಂಡಿರಬೇಕು.

ಸ್ಟ್ಯಾಂಡನ್ನೂ ಇದೇ ಕಣ್ಣಿನಿಂದ ನೋಡಬೇಕು, ವೆಲ್ಡಿಂಗ್ ಶಾಖಕ್ಕೆ ಚೌಕಟ್ಟು ಸೊಟ್ಟಗಾಗುವುದು ಅಪರೂಪವಲ್ಲ. ಚೌಕಟ್ಟಿನ ಮೇಲೆ ಎದುರು ಮೂಲೆಗಳಿಂದ ಎರಡು ನೂಲು ಬಿಗಿಯಾಗಿ ಕಟ್ಟಿದೆ. ನಡುವೆ ಒಂದಕ್ಕೊಂದು ತಾಗಿಯೂ ತಾಗದಂತೆ ಹಾಯ್ದರೆ ಚೌಕಟ್ಟು ಸರಿ. ಒಂದು ಇನ್ನೊಂದನ್ನು ಒತ್ತಿದರೆ ಅಥವಾ ನಡುವೆ ಸಂದು ಬಿಟ್ಟರೆ ಅಲ್ಲ. ಮೇಲಿನ ನೂಲನ್ನು ಕೆಳಕ್ಕೆ ತಂದು ಇನ್ನೊಮ್ಮೆ ನೋಡಬೇಕು. ಕಾಲುಗಳ ಕೆಳಗೂ ಹೀಗೆಯೇ. ವೆಲ್ಡರ್‌ಗೆ ಪೂರ್ತಿ ಹಣ ಕೊಡುವ ಮೊದಲು ಅವನ ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆ ಇದು.

ಮಟ್ಟ ಮಾಡುವುದು ಸ್ಟ್ಯಾಂಡಿನ ಕಾಲಡಿಯಲ್ಲಿ. ತೊಟ್ಟಿಗೂ ಸ್ಟ್ಯಾಂಡಿಗೂ ನಡುವೆ ಬೆಣೆ ಹೊಡೆಯುವುದು ಸಲ್ಲದು, ಅಲ್ಲಿ ಹೊಡೆದ ಬೆಣೆ ಗಾಜಿನ ಒಂದೇ ಬಿಂದುವನ್ನು ಒತ್ತುತ್ತದೆ. ಮರದ ಚೂರು, ಮಡಚಿದ ರಟ್ಟು ಕೂಡ ಬೇಡ. ಮುಂಬಯಿಯ ಮಳೆಗಾಲದಲ್ಲಿ, ದಿನವೂ ಒರೆಸುವ ನೆಲದ ಮೇಲೆ, ಅವು ಉಬ್ಬುತ್ತವೆ ಅಥವಾ ಕುಸಿಯುತ್ತವೆ. ಬಡಗಿಯ ಬಳಿ ಉಳಿಯುವ 1 ಮಿ.ಮೀ. ಸನ್ಮೈಕಾ ತುಂಡುಗಳು ಇದಕ್ಕೆ ಹೇಳಿಮಾಡಿಸಿದಂತಿವೆ. ನನ್ನ ಸ್ಟ್ಯಾಂಡಿನ ಪ್ರತಿ ಕಾಲಿಗೆ 10 ಸೆಂ.ಮೀ. ಚೌಕದ ಕಬ್ಬಿಣದ ಪಾದವಿದೆ. ಪ್ಯಾಕಿಂಗನ್ನೂ ಅದೇ ಅಳತೆಗೆ ಕತ್ತರಿಸಿದೆ. 2 ಮಿ.ಮೀ.ಗೆ ಎರಡು ಸನ್ಮೈಕಾ, 7ಕ್ಕೆ 6 ಮಿ.ಮೀ. ಕಬ್ಬಿಣದ ಪ್ಲೇಟ್ ಮತ್ತು ಒಂದು ಸನ್ಮೈಕಾ, 11ಕ್ಕೆ 10 ಮಿ.ಮೀ. ಪ್ಲೇಟ್ ಮತ್ತು ಒಂದು ಸನ್ಮೈಕಾ. ಪ್ಲೇಟ್‌ಗಳಿಗೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಬಳಿದೆ. ಆಮೇಲೆ ಪ್ರತಿ ಪಾದದ ಅಂಚಿನಲ್ಲಿ ಕಾಗದ ತೂರಿಸಿ ನೋಡಿದೆ, ಎಲ್ಲಿಯೂ ಒಳಹೋಗಲಿಲ್ಲ. ಮೇಲಿನ 18 ಮಿ.ಮೀ. ಮರೀನ್ ಪ್ಲೈ ಮೇಲೆ ರಸಮಟ್ಟ ಇಟ್ಟು ಓದಿ, ಅದೇ ಜಾಗದಲ್ಲಿ ತಿರುಗಿಸಿಟ್ಟು ಮತ್ತೆ ಓದಿದೆ. ಎರಡು ಓದೂ ಹೊಂದದಿದ್ದರೆ ದೋಷ ರಸಮಟ್ಟದ್ದು.

ತೊಟ್ಟಿಯ ಕೆಳಗೆ ಥರ್ಮಾಕೋಲ್ ಹಾಸಿದ್ದೇನೆ. ಅದು ಪ್ಲೈ ಮೇಲಿನ ಚಿಕ್ಕ ಒರಟನ್ನು, ಸಿಕ್ಕಿಕೊಂಡ ಮರಳ ಕಾಳನ್ನು ನುಂಗುತ್ತದೆ, ತಿರುಚನ್ನು ನುಂಗುವುದಿಲ್ಲ. ತಳಕ್ಕೆ ಪ್ಲಾಸ್ಟಿಕ್ ಚೌಕಟ್ಟಿರುವ ತೊಟ್ಟಿಗೆ ಇದನ್ನು ಹಾಕಬಾರದು, ಅದರ ಭಾರ ಚೌಕಟ್ಟಿನ ಮೇಲೆಯೇ ನಿಲ್ಲಬೇಕು.

ನೀರನ್ನು ಹಂತಹಂತವಾಗಿ ತುಂಬಿದೆ. ಎರಡು ಇಂಚು ನಿಂತಾಗ ನಾಲ್ಕು ಮೂಲೆಗಳಲ್ಲಿ ಗಾಜಿನ ತಳದಿಂದ ನೀರಿನ ಗೆರೆಗೆ ಅಳೆದೆ; ಅಷ್ಟು ಹೊತ್ತಿಗೆ ತೊಟ್ಟಿಯ ನೀರೇ ರಸಮಟ್ಟ. ಅರ್ಧಕ್ಕೆ, ತುಂಬಿದ ಮೇಲೆ, ಮರುದಿನ ಬೆಳಿಗ್ಗೆ ಮತ್ತೆ ಅದೇ ಅಳತೆ, ಅದೇ ಮೂಲೆ ಮೊತ್ತ. ಭಾರ ಬಿದ್ದ ಮೇಲೆ ಪ್ಲೈ, ಥರ್ಮಾಕೋಲ್, ಸ್ಲ್ಯಾಬ್ ಎಲ್ಲವೂ ಅಷ್ಟಿಷ್ಟು ಕುಗ್ಗುತ್ತವೆ. ಎಲ್ಲ ಮೂಲೆಗಳೂ ಒಟ್ಟಿಗೆ ಕುಗ್ಗಿದರೆ ಚಿಂತೆಯಿಲ್ಲ.

ತುಂಬಿದ ತೊಟ್ಟಿ ಓರೆಯಾಗಿದೆ, ಸುತ್ತಿಗೆಯಿಂದ ಬೆಣೆ ಹೊಡೆದು ಸರಿಮಾಡಲೇ ಎಂದು ಹಲವರು ಕೇಳುತ್ತಾರೆ. ಖಂಡಿತ ಬೇಡ. ಒಂದು ಮೂಲೆಯನ್ನು ಎಬ್ಬಿಸುವುದೆಂದರೆ 300 ಕಿಲೋಗೂ ಮಿಕ್ಕ ಭಾರದಡಿಯಲ್ಲಿ ನಾವೇ ತಿರುಚನ್ನು ಸೃಷ್ಟಿಸಿದಂತೆ. ಮೀನುಗಳನ್ನು ಅದೇ ನೀರಿನ ಬಕೆಟ್‌ಗೆ ಸಾಗಿಸಿ, ಏರ್ ಪಂಪ್ ಹಾಕಿ, ನೀರು, ಕಲ್ಲು, ಜಲ್ಲಿ ಎಲ್ಲವನ್ನೂ ಹೊರತೆಗೆಯಿರಿ. ಖಾಲಿ ತೊಟ್ಟಿಯನ್ನು ಇಬ್ಬರು ಹಿಡಿದು ಕೆಳಗಿಳಿಸಿ, ಆಮೇಲೆ ಸ್ಟ್ಯಾಂಡಿನ ಕಾಲಿಗೆ ಕೈಹಚ್ಚಿ.